ಜರ್ಮೇನಿಯಂ ಫಜ್ ಪೆಡಲ್: 1967ರ ನಾದ ನನ್ನ ಕೋಣೆಯಲ್ಲಿ ಏಕೆ ಬರುತ್ತಿಲ್ಲ?

ಆರುತಂತಿ (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದರೂ ಆಂಪ್‌ನೊಳಗೇ (ಆಂಪ್ಲಿಫೈಯರಿನೊಳಗೇ) ಇರುವ, ನಾದವನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್‌ನಿಂದ ಆಚೆಗೆ ಹೋದವನಲ್ಲ. ಆದರೆ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಮುದ್ರಿಸಿದ ಹಾಡುಗಳಲ್ಲಿ ಕೇಳುವ, ದಪ್ಪವಾಗಿದ್ದೂ ಕರ್ಕಶವಾಗದ, ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ತಿಳಿಯಾಗಿಬಿಡುವ ಆ ಫಜ್ ನಾದದ ಮೇಲೆ ಬಹಳ ದಿನಗಳಿಂದ ಆಸೆಯಿತ್ತು. ಕಳೆದ ಡಿಸೆಂಬರಿನಲ್ಲಿ, ಫಜ್ ಫೇಸ್ ಎಂಬ ಹಳೆಯ ಪೆಡಲ್‌ನ ಸರ್ಕ್ಯೂಟನ್ನೇ ಅನುಸರಿಸಿ ಎರಡು ಪಿಎನ್‌ಪಿ (ವಿದ್ಯುತ್ತಿನ ಧನ-ಋಣ ತಿರುವುಮುರುವಾಗಿರುವ ಬಗೆಯ) ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಂದ ಕಟ್ಟಿದ ಪೆಡಲ್ ಒಂದನ್ನು ಕೊಂಡೆ.

ನನಗೆ ಮೂರು ತೊಂದರೆಗಳಿವೆ. ಡಿಸೆಂಬರಿನಲ್ಲಿ ತಕ್ಕಮಟ್ಟಿಗೆ ನುಡಿಯುತ್ತಿದ್ದ ಪೆಡಲ್ ಈಗ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸ್ವರವನ್ನು ಹಿಡಿದು ನಿಲ್ಲಿಸುವುದೇ ಇಲ್ಲ. ಎರಡು ಕ್ಷಣ ನುಡಿದು, ಬಿಕ್ಕಿದಂತೆ ಮುರಿದು ನಿಂತುಬಿಡುತ್ತದೆ. ಅದು ಚೆನ್ನಾಗಿ ನುಡಿಯುವಾಗಲೂ ತಗಡಿನ ಡಬ್ಬಿಯಲ್ಲಿ ಜೇನುನೊಣಗಳನ್ನು ಕೂಡಿಹಾಕಿದಂತೆ ಕೇಳುತ್ತದೆಯೇ ಹೊರತು ಆ ದಪ್ಪ ಬರುವುದಿಲ್ಲ. ಇನ್ನು, ಟ್ಯೂನರ್ (ಶ್ರುತಿ ನೋಡುವ) ಮತ್ತು ಡಿಲೇ (ಪ್ರತಿಧ್ವನಿ ಕೊಡುವ) ಪೆಡಲ್‌ಗಳಿಗೆ ಕೊಟ್ಟಿರುವ ಅಡಾಪ್ಟರಿನಿಂದಲೇ ಇದಕ್ಕೂ ಒಂದು ತಂತಿ ಎಳೆದರೆ ಮೂರೂ ಒಟ್ಟಿಗೆ ಸ್ತಬ್ಧವಾಗುತ್ತವೆ.

ಸಿಂಗಲ್ ಕಾಯಿಲ್ ಪಿಕಪ್‌ನ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಗಿಟಾರ್, ಟ್ಯೂನರ್, ಫಜ್, ಡಿಲೇ, ಕೊನೆಯಲ್ಲಿ ಎಂಟು ಇಂಚಿನ ಸ್ಪೀಕರ್ ಇರುವ 20 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್, ಇದೇ ಕ್ರಮದಲ್ಲಿ ಜೋಡಿಸಿಕೊಂಡಿದ್ದೇನೆ. ಇರುವುದು ಬಾಡಿಗೆ ಮನೆಯಲ್ಲಿ. ಗೋಡೆಯಾಚೆಗೆ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಸಿಲಿಕಾನ್ ಪೆಡಲ್‌ಗೆ ಬದಲಾಯಿಸಿಕೊಳ್ಳಲೇ, ಅಥವಾ ಇದನ್ನು ಮಾರಿ ಡಿಜಿಟಲ್ ಪೆಡಲ್ ಕೊಳ್ಳಲೇ?

ಬೆಸುಗೆಕಡ್ಡಿ (ಬೆಂಗಳೂರು):

ಮಾರುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಕಾರಣ ಸರ್ಕ್ಯೂಟಿನ ಸ್ವಭಾವದಲ್ಲೇ ಇದೆ. ಪೆಡಲ್ ಕಟ್ಟಿದವರ ತಪ್ಪು ಇರಲಾರದು.

ಮೊದಲಿಗೆ ಸ್ತಬ್ಧವಾಗುವ ವಿಷಯ. ಇಂದಿನ ಬಹುತೇಕ ಪೆಡಲ್‌ಗಳಲ್ಲಿ ವಿದ್ಯುತ್ತಿನ ಋಣ ತುದಿಯನ್ನು ಪೆಡಲ್‌ನ ಗ್ರೌಂಡಿಗೆ ಸೇರಿಸಿರುತ್ತಾರೆ. ಪಿಎನ್‌ಪಿ ಜರ್ಮೇನಿಯಂ ಇರುವ ಹಳೆಯ ಫಜ್ ಫೇಸ್ ಮಾದರಿಯಲ್ಲಿ ಗ್ರೌಂಡಿಗೆ ಸೇರುವುದು ಧನ ತುದಿ. ಗಿಟಾರ್ ಕೇಬಲ್‌ಗಳ ಹೊರಕವಚವು ಎಲ್ಲ ಪೆಡಲ್‌ಗಳ ಗ್ರೌಂಡನ್ನು ಒಂದಾಗಿಸುವುದರಿಂದ, ಒಂದೇ ಅಡಾಪ್ಟರಿನಿಂದ ಎಲ್ಲಕ್ಕೂ ವಿದ್ಯುತ್ ಕೊಟ್ಟಾಗ ಅದರ ಧನ ಮತ್ತು ಋಣ ತುದಿಗಳು ನೇರವಾಗಿ ಕೂಡಿಕೊಂಡು ಶಾರ್ಟ್ ಆಗುತ್ತವೆ. ಇನ್ನೊಮ್ಮೆ ಹಾಗೆ ಮಾಡಬೇಡಿ, ಅಡಾಪ್ಟರ್ ಸುಟ್ಟೀತು. 9 ವೋಲ್ಟಿನ ಬ್ಯಾಟರಿ ಹಾಕಿ. ಈ ಸರ್ಕ್ಯೂಟ್ ಎಳೆಯುವುದು ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆಯಾದ್ದರಿಂದ, ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡುವ ಅಭ್ಯಾಸವಿದ್ದರೆ ಅದು ತಿಂಗಳುಗಟ್ಟಲೆ ಬರುತ್ತದೆ.

ಇನ್ನು ಬೇಸಿಗೆ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಸಿಗ್ನಲ್ ಇಲ್ಲದಿದ್ದಾಗಲೂ ಸ್ವಲ್ಪ ವಿದ್ಯುತ್ ಸೋರುತ್ತಿರುತ್ತದೆ, ಮತ್ತು ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಆ ಸೋರಿಕೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಫಜ್ ಫೇಸ್ 1966ರಲ್ಲಿ ಲಂಡನ್‌ನ ಆರ್ಬಿಟರ್ ಕಂಪನಿಯಿಂದ ಹೊರಬಂದದ್ದು. ಅಲ್ಲಿಯ 20 ಡಿಗ್ರಿಯ ಕೋಣೆಗೆ ಹೊಂದುವಂತೆ ಆರಿಸಿದ ರೆಸಿಸ್ಟರ್‌ಗಳನ್ನು ನಿಮ್ಮೂರಿನ 40 ಡಿಗ್ರಿಯ ಮಧ್ಯಾಹ್ನಕ್ಕೆ ಒಡ್ಡಿದರೆ ಸೋರಿಕೆ ನಾಲ್ಕು ಪಟ್ಟಾಗುತ್ತದೆ. ಮೊದಲನೆಯ ಟ್ರಾನ್ಸಿಸ್ಟರಿನ ಸೋರಿಕೆ ಹೆಚ್ಚಿದಂತೆ ಎರಡನೆಯದರ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಅದನ್ನು ತೆರೆದಿಡುವ ವೋಲ್ಟೇಜ್) ಕುಸಿದು, ಅದು ಬಹುಪಾಲು ಮುಚ್ಚಿಕೊಂಡ ಸ್ಥಿತಿಗೆ ಬರುತ್ತದೆ. ಆಗ ದೊಡ್ಡ ಸಿಗ್ನಲ್ ಮಾತ್ರ ದಾಟಿ, ಸ್ವರ ಕ್ಷೀಣಿಸುತ್ತಿದ್ದಂತೆ ತಟ್ಟನೆ ಕಡಿದುಹೋಗುತ್ತದೆ. ನೀವು ಬಿಕ್ಕುವುದು ಎಂದದ್ದು ಇದನ್ನೇ.

ಮಲ್ಟಿಮೀಟರ್ ಇದ್ದರೆ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ (ಸಿಗ್ನಲ್ ಹೊರಬರುವ ಕಾಲಿನಲ್ಲಿ) ವೋಲ್ಟೇಜ್ ನೋಡಿ. ಕಪ್ಪು ಕಡ್ಡಿಯನ್ನು ಗ್ರೌಂಡಿಗೆ ಇಟ್ಟರೆ ಮೀಟರ್ ಮೈನಸ್ ತೋರಿಸುತ್ತದೆ, ಗಾಬರಿಯಾಗಬೇಡಿ. 4.5ರ ಆಸುಪಾಸಿನಲ್ಲಿದ್ದರೆ ಆರೋಗ್ಯ. 7ರ ಕಡೆಗೆ ಏರಿದ್ದರೆ ಮೇಲಿನ ಕಾಯಿಲೆ. ಅದೇ ಕಲೆಕ್ಟರಿಗೆ ಸೇರಿದ 8.2 ಕಿಲೊಓಮ್ ರೆಸಿಸ್ಟರಿನ ಜಾಗದಲ್ಲಿ 25 ಕಿಲೊಓಮ್‌ನ ಟ್ರಿಮರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಕೂರಿಸಿದರೆ ಋತುವಿಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು. ಈಗಿನ ಹಲವು ಜರ್ಮೇನಿಯಂ ಪೆಡಲ್‌ಗಳ ಹೊರಮೈಯಲ್ಲಿ ಬಯಾಸ್ ಎಂಬ ನಾಬ್ ಇರುವುದು ಈ ಉದ್ದೇಶಕ್ಕೇ.

ಕೊನೆಯದಾಗಿ, ಟ್ಯೂನರನ್ನು ಗಿಟಾರ್ ಮತ್ತು ಫಜ್‌ನ ನಡುವಿನಿಂದ ತೆಗೆದು ಫಜ್‌ನ ನಂತರಕ್ಕೆ ಹಾಕಿ. ಈ ಸರ್ಕ್ಯೂಟಿನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಬಹಳ ಕಡಿಮೆ ಇರುವುದರಿಂದ ಗಿಟಾರಿನ ಪಿಕಪ್, ವಾಲ್ಯೂಮ್ ನಾಬ್ ಮತ್ತು ಮೊದಲ ಟ್ರಾನ್ಸಿಸ್ಟರ್ ಮೂರೂ ಸೇರಿ ಒಂದೇ ಸರ್ಕ್ಯೂಟಿನಂತೆ ವರ್ತಿಸುತ್ತವೆ. ವಾಲ್ಯೂಮನ್ನು 10ರಿಂದ 7ಕ್ಕೆ ಇಳಿಸಿದಾಗ ಫಜ್ ಕರಗಿ ಗಾಜಿನಂಥ ತಿಳಿನಾದ ಬರುವುದು ಆ ನಂಟಿನಿಂದ. ನಡುವೆ ಬಫರ್ (ಹಿಂದಿನ ಮುಂದಿನ ಸರ್ಕ್ಯೂಟ್‌ಗಳನ್ನು ಬೇರ್ಪಡಿಸುವ ಹಂತ) ಇರುವ ಪೆಡಲ್ ಬಂದರೆ, ಆಫ್ ಆಗಿದ್ದರೂ, ನಂಟು ಕಡಿದುಹೋಗುತ್ತದೆ.

ಹಳೇವಾಲ್ವ್ (ಧಾರವಾಡ):

ಬೆಸುಗೆಕಡ್ಡಿಯವರು ಹೇಳಿದ್ದೆಲ್ಲ ಸರಿ, ಆದರೆ ಜೇನುನೊಣದ ಸದ್ದು ಇದರಿಂದ ಹೋಗುವುದಿಲ್ಲ. ಏಕೆಂದರೆ ನೀವು ಹುಡುಕುತ್ತಿರುವ ನಾದದ ಅರ್ಧಭಾಗ ಆ ಪೆಡಲಿನಲ್ಲಿ ಎಂದೂ ಇರಲಿಲ್ಲ.

ಆ ಕಾಲದ ಫಜ್ ಹೋಗಿ ಸೇರುತ್ತಿದ್ದದ್ದು ಮಾರ್ಷಲ್‌ನಂಥ ವಾಲ್ವ್ (ನಿರ್ವಾತ ನಳಿಕೆಯ) ಆಂಪ್‌ಗೆ, ಅದೂ ತಾನೇ ಒಡೆಯುವ ಅಂಚಿನವರೆಗೆ ಜೋರು ಮಾಡಿಟ್ಟ ಆಂಪ್‌ಗೆ. ಫಜ್ ತರಂಗದ ನೆತ್ತಿಯನ್ನು ಕತ್ತರಿಸಿ ಚೌಕಾಕಾರಕ್ಕೆ ತರುತ್ತದೆ, ಅದರಿಂದ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಗುಣಕ ಆವರ್ತನಗಳು) ರಾಶಿಯಾಗಿ ಹುಟ್ಟುತ್ತವೆ. ಮುಂದೆ ವಾಲ್ವ್‌ಗಳು ಆ ಚೂಪು ಮೂಲೆಗಳನ್ನು ಮತ್ತೆ ಉಜ್ಜಿ ದುಂಡಗೆ ಮಾಡುತ್ತವೆ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೊಹರ್ಟ್ಸ್‌ನ ಮೇಲೆ ಬಹುತೇಕ ಮೌನವಾಗುವುದರಿಂದ ಉಳಿದ ಮುಳ್ಳುಗಳೂ ಅಲ್ಲೇ ಉದುರಿಹೋಗುತ್ತವೆ. ನಿಮ್ಮ ಆಂಪ್ ಈ ಎರಡು ಕೆಲಸಗಳನ್ನೂ ಮಾಡುತ್ತಿಲ್ಲ. ಮುಳ್ಳಿನ ಹೊರೆಯನ್ನು ಬಿಚ್ಚದೆ ಹಾಗೆಯೇ ನಿಮ್ಮ ಕಿವಿಗೆ ತಲುಪಿಸುತ್ತಿದೆ.

ಇದಕ್ಕೆ ಆಂಪ್ ಬದಲಿಸಬೇಕಿಲ್ಲ, ಮಕ್ಕಳ ಓದನ್ನೂ ಕೆಡಿಸಬೇಕಿಲ್ಲ. ಫಜ್‌ನ ನಂತರ, ಹಳೆಯ ವಾಲ್ವ್ ಆಂಪ್‌ನ ವರ್ತನೆಯನ್ನು ಅನುಕರಿಸುವ ಕಡಿಮೆ ಗೇನಿನ (ಸಿಗ್ನಲ್ ಹಿಗ್ಗಿಸುವ ಪ್ರಮಾಣದ) ಓವರ್‌ಡ್ರೈವ್ ಪೆಡಲ್ ಒಂದನ್ನು ಸದಾ ಆನ್ ಮಾಡಿ ಇಟ್ಟುಕೊಳ್ಳಿ. 1960ರ ದಶಕದ ತನ್ನದೇ ಕಾಂಬೊ ಆಂಪ್‌ನ ಹೆಸರಿಟ್ಟು ಮಾರ್ಷಲ್ 1991ರಲ್ಲಿ ತಂದ ಬ್ಲೂಸ್‌ಬ್ರೇಕರ್ ಪೆಡಲ್ ಈ ಬಗೆಯದು. ಅದರ ಸಂತತಿ ಈಗ ಹಲವು ಹೆಸರುಗಳಲ್ಲಿ ಸಿಗುತ್ತದೆ. ಆಂಪ್‌ನ ಒಂದೊಂದು ವಾಲ್ವ್ ಹಂತದ ಜಾಗದಲ್ಲಿ ಒಂದೊಂದು ಜೆಫೆಟ್ ಟ್ರಾನ್ಸಿಸ್ಟರ್ ಇಟ್ಟು ಕಟ್ಟಿದ ಪೆಡಲ್‌ಗಳೂ ಇವೆ. ಮಧ್ಯದ ಆವರ್ತನಗಳನ್ನು ಎತ್ತಿ ತೋರಿಸುವ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಕೂಡ ಆಗಬಹುದು, ಆದರೆ ಅದು 1980ರ ದಶಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರ ನಾದದ ಕಡೆಗೆ ನಿಮ್ಮನ್ನು ಎಳೆದೊಯ್ಯುತ್ತದೆ ಎಂಬುದು ನನ್ನ ಅನಿಸಿಕೆ. ಆಂಪ್‌ನಲ್ಲಿ ಟ್ರೆಬಲ್ 3ಕ್ಕೆ ಇಳಿಸಿ, ಮಿಡಲ್ 7ಕ್ಕೆ ಏರಿಸಿ, ಫಜ್ ನಾಬನ್ನು ಪೂರ್ತಿ ತಿರುಗಿಸಿ, ಮುಂದಿನದನ್ನೆಲ್ಲ ಗಿಟಾರಿನ ವಾಲ್ಯೂಮಿನಿಂದ ನಿಭಾಯಿಸಿ.

ವಿಷಯಕ್ಕೆ ಸ್ವಲ್ಪ ದೂರವಾದರೂ ಒಂದು ಮಾತು. ಫಜ್ ಎಂಬುದೇ ಕೆಟ್ಟುಹೋದ ಉಪಕರಣದ ಕೂಸು. ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಅವರ 1961ರ ಹಾಡೊಂದರ ಮುದ್ರಣ ನ್ಯಾಶ್‌ವಿಲ್‌ನಲ್ಲಿ ನಡೆಯುವಾಗ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಗೊರಗೊರ ಎಂದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಅಳಿಸದೆ ಉಳಿಸಿದ್ದಲ್ಲದೆ, ಅದೇ ಸದ್ದನ್ನು ಟ್ರಾನ್ಸಿಸ್ಟರ್‌ಗಳಿಂದ ಬರಿಸುವ ಸರ್ಕ್ಯೂಟ್ ರೂಪಿಸಿದರು. ಅದು 1962ರಲ್ಲಿ ಮೇಸ್ಟ್ರೊ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆದ್ದರಿಂದ ನಿಮ್ಮ ಪೆಡಲ್ ಮೇ ತಿಂಗಳಿನಲ್ಲಿ ಕೆಡುವುದನ್ನು ಕುಲಾಚಾರವೆಂದುಕೊಳ್ಳಿ.

ಹೆಡ್‌ಫೋನ್‌ವಾದಕ (ಮೈಸೂರು):

ಡಿಜಿಟಲ್ ಪರವಾಗಿ ಯಾರಾದರೂ ಮಾತಾಡಬೇಕಲ್ಲ. ಆರುತಂತಿಯವರ ಮನೆಯ ಪರಿಸ್ಥಿತಿ ನನ್ನದೂ ಹೌದು. ನಾಲ್ಕು ವರ್ಷಗಳಿಂದ ಡಿಜಿಟಲ್ ಯಂತ್ರವೊಂದರಲ್ಲಿ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದೇನೆ. ಹಳೇವಾಲ್ವ್ ಅವರು ಹೇಳಿದ ಎರಡು ಕೆಲಸಗಳನ್ನು, ಅಂದರೆ ಆಂಪ್ ಉಜ್ಜುವುದನ್ನೂ ಸ್ಪೀಕರ್ ಸೋಸುವುದನ್ನೂ, ಅದು ಯಾವ ನೆರೆಯವರಿಗೂ ಕೇಳಿಸದಂತೆ ಮಾಡಿಕೊಡುತ್ತದೆ.

ಆದರೆ ಹಳೆಯ ಎಫೆಕ್ಟ್‌ಗಳೆಲ್ಲ ಡಿಜಿಟಲ್‌ಗೆ ಒಂದೇ ಸಮನಾಗಿ ಒಲಿಯುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹೆಂಡ್ರಿಕ್ಸ್ 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಬಳಸಿದ ಯೂನಿ-ವೈಬ್ ಎಂಬ ಎಫೆಕ್ಟನ್ನು ತೆಗೆದುಕೊಳ್ಳಿ. ಜಪಾನಿನ ಫುಮಿಯೊ ಮಿಯೆಡಾ ರೂಪಿಸಿದ ಆ ಪೆಟ್ಟಿಗೆಯ ನಡುವೆ ಪುಟ್ಟ ಬಲ್ಬೊಂದು ಮಿಡಿಯುತ್ತಿರುತ್ತದೆ, ಸುತ್ತಲೂ ಬೆಳಕಿಗೆ ಸ್ಪಂದಿಸುವ ನಾಲ್ಕು ರೆಸಿಸ್ಟರ್‌ಗಳಿರುತ್ತವೆ. ಬಲ್ಬು ಕಾಯುವುದಕ್ಕೂ ಆರುವುದಕ್ಕೂ ತೆಗೆದುಕೊಳ್ಳುವ ಸಮಯದಿಂದಲೇ ಆ ಏರುಪೇರಿನ ಓಲಾಟ ಹುಟ್ಟುತ್ತದೆ. ಅದನ್ನು ನನ್ನ ಯಂತ್ರ ಬಲು ಚೆನ್ನಾಗಿ ಅನುಕರಿಸುತ್ತದೆ, ಟೇಪ್ ಎಕೋವನ್ನೂ ಹಾಗೆಯೇ. ಫಜ್ ಫೇಸ್ ವಿಷಯದಲ್ಲಿ ಮಾತ್ರ, ವಾಲ್ಯೂಮ್ ಇಳಿಸಿದಾಗ ತಿಳಿಯಾಗುವ ಆ ಗುಣ ಅರ್ಧಂಬರ್ಧ ಬರುತ್ತದೆ. ಬೆಸುಗೆಕಡ್ಡಿಯವರ ವಿವರಣೆ ಓದಿದ ಮೇಲೆ ಕಾರಣ ತಿಳಿಯಿತು: ಈ ಯಂತ್ರದ ಇನ್‌ಪುಟ್ ಇಂಪೀಡೆನ್ಸ್ ತೀರಾ ಹೆಚ್ಚು, ಹಾಗಾಗಿ ಪಿಕಪ್‌ಗೆ ಅದರ ನಂಟೇ ಇಲ್ಲ. ಇನ್‌ಪುಟ್ ಇಂಪೀಡೆನ್ಸ್ ಬದಲಿಸಿಕೊಳ್ಳುವ ಸೌಲಭ್ಯವಿರುವ ಯಂತ್ರಗಳೂ ಇವೆ. ಕೊಳ್ಳುವುದಾದರೆ ಅದನ್ನೇ ಮೊದಲು ವಿಚಾರಿಸಿ. ನಾನಾಗಿದ್ದರೆ ಫಜ್ ಉಳಿಸಿಕೊಂಡು ಆಂಪ್ ಮಾರುತ್ತಿದ್ದೆ.

ಆರುತಂತಿ (ಕಲಬುರಗಿ):

ಎಲ್ಲರಿಗೂ ಕೃತಜ್ಞತೆಗಳು. ಮೀಟರ್ ಹಿಡಿದು ನೋಡಿದೆ. ಬೆಳಗಿನ ಆರು ಗಂಟೆಗೆ 5.2 ವೋಲ್ಟ್ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಸರಿಯಾಗಿ 7.0 ಆಗಿತ್ತು. ಟ್ಯೂನರನ್ನು ಫಜ್‌ನ ನಂತರಕ್ಕೆ ಹಾಕಿದ ಕೂಡಲೇ ಗಿಟಾರಿನ ವಾಲ್ಯೂಮ್ ನಾಬಿಗೆ ಜೀವ ಬಂತು. ಇಷ್ಟು ತಿಂಗಳು ಅದನ್ನು ಬರೀ ಸದ್ದು ತಗ್ಗಿಸುವುದಕ್ಕೆ ಬಳಸುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಟ್ರೆಬಲ್ ಇಳಿಸಿದ ಮೇಲೆ ನೊಣಗಳು ಪೂರ್ತಿ ಹೋಗದಿದ್ದರೂ ಡಬ್ಬಿಯಿಂದಂತೂ ಹೊರಬಂದಿವೆ. ಓವರ್‌ಡ್ರೈವ್ ಒಂದನ್ನು ಗೆಳೆಯನಿಂದ ಎರವಲು ತರುತ್ತೇನೆ.

ಇನ್ನೊಂದು ಪ್ರಶ್ನೆ. ತಂದೆಯವರ ಹಳೆಯ ಟ್ರಾನ್ಸಿಸ್ಟರ್ ರೇಡಿಯೋವೊಂದು ಮನೆಯಲ್ಲಿದೆ. ಬಿಚ್ಚಿ ನೋಡಿದರೆ ಒಳಗೆ ಎಸಿ128 ಎಂದು ಬರೆದ ಎರಡು ಟ್ರಾನ್ಸಿಸ್ಟರ್‌ಗಳಿವೆ. ಅವುಗಳನ್ನು ಈ ಪೆಡಲಿಗೆ ಹಾಕಿದರೆ ನಾದ ಸುಧಾರಿಸುವುದೇ?

ಬೆಸುಗೆಕಡ್ಡಿ (ಬೆಂಗಳೂರು):

ಮಧ್ಯಾಹ್ನದ 7.0 ನಿರೀಕ್ಷಿಸಿದಂತೆಯೇ ಇದೆ. ಟ್ರಿಮರ್ ಸುಮಾರು 20 ಕಿಲೊಓಮ್‌ಗೆ ಬಂದಾಗ ಮಧ್ಯಾಹ್ನವೂ 4.5 ಸಿಗಬೇಕು, ಚಳಿಗಾಲದಲ್ಲಿ ಮರೆಯದೆ ಹಿಂದಕ್ಕೆ ತಿರುಗಿಸಿ.

ಎಸಿ128 ಫಜ್ ಕಟ್ಟುವವರಿಗೆ ಪ್ರಿಯವಾದ ಭಾಗವೇ. ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಆರಂಭಿಸಿತ್ತು, ಆದ್ದರಿಂದ ನಿಮ್ಮ ರೇಡಿಯೋದಲ್ಲಿರುವವು ಬೆಂಗಳೂರಿನಲ್ಲೇ ಹುಟ್ಟಿದವಾಗಿದ್ದರೂ ಆಶ್ಚರ್ಯವಿಲ್ಲ. ಆದರೆ ರೇಡಿಯೋದ ಔಟ್‌ಪುಟ್ ಹಂತಕ್ಕೆ ಬೇಕಾದದ್ದು ಒಂದೇ ಗೇನ್ ಇರುವ ಜೋಡಿ. ಫಜ್ ಫೇಸ್‌ಗೆ ಮೊದಲನೆಯದು 70-80, ಎರಡನೆಯದು 110-120ರ ಸುಮಾರಿನಲ್ಲಿದ್ದರೆ ಚೆನ್ನ. ಜೊತೆಗೆ ಸೋರಿಕೆಯೂ ಕಡಿಮೆ ಇರಬೇಕು. ಈ ಎರಡನ್ನೂ ಅಳೆಯದೆ ಹಾಕಿದರೆ ಈಗಿರುವುದಕ್ಕಿಂತ ಕೆಟ್ಟದಾಗುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯ ಮಲ್ಟಿಮೀಟರಿನ ಎಚ್‌ಎಫ್‌ಇ (ಗೇನ್ ಅಳೆಯುವ) ಗುಂಡಿ ಸೋರಿಕೆಯನ್ನೂ ಗೇನ್ ಎಂದೇ ಎಣಿಸಿ ಸುಳ್ಳು ಅಂಕಿ ತೋರಿಸುತ್ತದೆ, ಅದನ್ನು ನಂಬಬೇಡಿ.

ಅದಕ್ಕೂ ಮೊದಲು ಆ ರೇಡಿಯೋಗೆ ಹೊಸ ಸೆಲ್ ಹಾಕಿ ಆಕಾಶವಾಣಿ ಬರುತ್ತದೆಯೇ ನೋಡಿ. ಬಂದರೆ, ಮುಚ್ಚಳ ಹಾಕಿ ತಂದೆಯವರಿಗೇ ಹಿಂದಿರುಗಿಸಿ.