ಸೈಟ್‌ನಲ್ಲಿ ಕಲಿತ ಉಪಾಯಗಳಿದ್ದರೆ ಹೇಳಿ, ಕಾಲೇಜಿನದ್ದು ಬೇಡ

ಹೊಸಬ_ಸಿವಿಲ್
ಸಿವಿಲ್ ಮುಗಿಸಿ ಈಗಷ್ಟೇ ಮನೆ ಕಟ್ಟುವ ಸೈಟ್‌ಗೆ ಸೇರಿದ್ದೇನೆ. ನಾನು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಮೇಸ್ತ್ರಿ ಲೆಕ್ಕ ಹೇಳಿ ಬೀಡಿ ಹಚ್ಚಿರುತ್ತಾರೆ. ಕೆಲಸ ಮಾಡ್ತಾ ಮಾಡ್ತಾ ಬರುವ ಇಂಥ ಉಪಾಯಗಳು ನಿಮ್ಮ ಹತ್ರ ಇದ್ದರೆ ಹೇಳಿ ಸಾರ್.

ಕಂಬಿ_ಲೆಕ್ಕ
ಮೊದಲು ಕಂಬಿ ತೂಕ ಬಾಯಲ್ಲೇ ಹಾಕುವುದು ಕಲಿಯಿರಿ. ಎಷ್ಟು ಎಂಎಂ ದಪ್ಪದ ಕಂಬಿಯೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರ್ ಎಷ್ಟು ಕೆಜಿ ಅಂತ ಬರುತ್ತದೆ. 12 ಎಂಎಂ ಆದರೆ 144ನ್ನು 162ರಿಂದ ಭಾಗಿಸಿ, ಸುಮಾರು 0.89. ಪೂರ್ತಿ ಕಂಬಿ ಸಾಮಾನ್ಯವಾಗಿ 12 ಮೀಟರ್ ಇರುತ್ತದೆ, ಅಂದರೆ ಒಂದಕ್ಕೆ 10.7 ಕೆಜಿ ಹತ್ತಿರ. ಲೋಡ್ ಬಂದಾಗ ಕಂಬಿ ಎಣಿಸಿ, ಗುಣಿಸಿ, ತೂಕದ ಚೀಟಿ ಜೊತೆ ತಾಳೆ ನೋಡಿ. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಆದರೆ ಜಾಸ್ತಿ ವ್ಯತ್ಯಾಸ ಬಂದರೆ ಲಾರಿ ಹೊರಡುವ ಮೊದಲೇ ಕೇಳಿಬಿಡಿ, ಆಮೇಲೆ ಯಾರೂ ಫೋನ್ ಎತ್ತಲ್ಲ.

ಗಾರೆ_ಮನುಷ್ಯ
ಪಾಯದ ಗುರುತು ಹಾಕುವಾಗ 3, 4, 5 ಅಡಿ ಹಿಡಿದು ಮೂಲೆ ನೋಡುವುದು ನಿಮಗೂ ಗೊತ್ತಿರುತ್ತೆ: ಮೂಲೆಯಿಂದ ಒಂದು ಕಡೆ 3, ಇನ್ನೊಂದು ಕಡೆ 4 ಗುರುತು ಹಾಕಿ, ಅವೆರಡರ ನಡುವೆ ಅಡ್ಡಕ್ಕೆ 5 ಬಂದರೆ ಮೂಲೆ ನೇರ. ಜಾಗ ಇದ್ದರೆ 6, 8, 10 ಹಿಡಿಯಿರಿ. ಚಿಕ್ಕ ಅಳತೆಯಲ್ಲಿ ಕಾಲಿಂಚು ತಪ್ಪಿದರೆ ಗೋಡೆಯ ಆ ತುದಿಗೆ ಹೋಗುವಷ್ಟರಲ್ಲಿ ಅದು ಇಂಚುಗಟ್ಟಲೆ ಆಗಿರುತ್ತದೆ, ಟೈಲ್ಸ್ ಹಾಕುವವನು ಬಂದಾಗಲೇ ಎಲ್ಲರಿಗೂ ಗೊತ್ತಾಗೋದು. ದಾರ ಕಟ್ಟಿದ ಮೇಲೆ ರೂಮಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ, ಸಮ ಬರಬೇಕು.

ಎರಡು ಜಾಗ ಒಂದೇ ಮಟ್ಟದಲ್ಲಿವೆಯಾ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, ಎರಡೂ ತುದಿಯಲ್ಲಿ ನೀರು ನಿಲ್ಲುವ ಎತ್ತರ ಒಂದೇ. ಒಳಗೆ ಗುಳ್ಳೆ ಇರಬಾರದು. ನೋಡುವಾಗ ಎರಡೂ ಬಾಯಿಂದ ಬೆರಳು ತೆಗೆಯಬೇಕು. ಒತ್ತಿಕೊಂಡೇ ಗುರುತು ಹಾಕುವ ಮಹಾನುಭಾವರೂ ಇದ್ದಾರೆ!

ಸೆಂಟ್ರಿಂಗ್_ಸೂರಿ
ಮೇಸ್ತ್ರಿ ಮಾಡಿದ್ದೆಲ್ಲ ಕಲಿಯಬೇಡಿ ಮಾರಾಯ್ರೆ. ಮೋಲ್ಡ್ (ಸ್ಲ್ಯಾಬ್ ಕಾಂಕ್ರೀಟ್) ಹಾಕುವ ದಿನ ಕಾಂಕ್ರೀಟ್ ಎಳೆಯುವುದು ಸುಲಭ ಆಗಲಿ ಅಂತ ಸುಮ್ನೆ ನೀರು ಸುರಿಯುತ್ತಾರೆ. ಅದು ಉಪಾಯ ಅಲ್ಲ, ಸೋಮಾರಿತನ. ನೀರು ಹೆಚ್ಚಾದಷ್ಟೂ ಕಾಂಕ್ರೀಟ್ ಬಲ ಕಡಿಮೆ. ಮಿಕ್ಸರ್ ಹತ್ರ ನೀವೇ ನಿಲ್ಲಿ, ಬಕೆಟ್ ಲೆಕ್ಕ ಇಡಿ, ಬೈದರೆ ಬೈಸಿಕೊಳ್ಳಿ.

ಹೊಸಬ_ಸಿವಿಲ್
ನಮ್ಮಲ್ಲೂ ಅದೇ ನಡೀತಿದೆ ಸಾರ್, ನಾಳೆ ಹೇಳಿ ನೋಡುತ್ತೇನೆ. ಇನ್ನೊಂದು, ಸ್ಲ್ಯಾಬ್‌ಗೆ 7 ದಿನ ನೀರು ನಿಲ್ಲಿಸಿದರೆ ಸಾಕು ಅಂತಾರಲ್ಲ, ನಿಜಾನಾ?

ಸೆಂಟ್ರಿಂಗ್_ಸೂರಿ
ಚೀಲದ ಮೇಲೆ ಏನಿದೆ ನೋಡಿ. ಒಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆದರೆ ಕನಿಷ್ಠ 7 ದಿನ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್ ಆದರೆ ಕನಿಷ್ಠ 10, ಅದು ನಿಧಾನಕ್ಕೆ ಗಟ್ಟಿಯಾಗುವ ಸಿಮೆಂಟ್. ಕಾಲಂ ಮೇಲೆ ನೀರು ನಿಲ್ಲಲ್ಲ, ಅದಕ್ಕೆ ಗೋಣಿಚೀಲ ಸುತ್ತಿ ಒದ್ದೆ ಇಡಿಸಿ. ಭಾನುವಾರ ಯಾರು ನೀರು ಹಾಕ್ತಾರೆ ಅಂತ ಶನಿವಾರವೇ ಕೇಳಿಕೊಳ್ಳಿ.