ಅದು ಅಟ್ಟಿಸಿಕೊಂಡು ಬರ್ತಿಲ್ಲ, ಗಡಿ ದಾಟಿಸ್ತಿದೆ

ಏಪ್ರಿಲ್ ಬಂದರೆ ಸಾಕು, ಶಿಕಾಗೊ ಕಡೆ ಹೊಸದಾಗಿ ಮನೆ ಮಾಡಿದವರಿಂದ ಇದೇ ಪ್ರಶ್ನೆ. ಬೀದಿಯಲ್ಲಿ ತೋಳ ಓಡಾಡ್ತಿದೆ, ಮಕ್ಕಳನ್ನು ಹೊರಗೆ ಬಿಡಬಹುದಾ? ತೋಳ ಅಲ್ಲ, ಕಯೋಟಿ, ತೋಳದ ಕುಟುಂಬಕ್ಕೇ ಸೇರಿದ ಚಿಕ್ಕ ಕಾಡುಪ್ರಾಣಿ. ಮೈತುಂಬ ಕೂದಲು ಇರುವುದರಿಂದ ದೊಡ್ಡದಾಗಿ ಕಾಣುತ್ತದೆ, ತೂಕ ನೋಡಿದರೆ 10ರಿಂದ 18 ಕಿಲೋ ಅಷ್ಟೇ. ಮಕ್ಕಳನ್ನು ಹೊರಗೆ ಬಿಡಿ, ಆದರೆ ನಾಲ್ಕು ಮಾತು ಹೇಳಿಕೊಟ್ಟು ಬಿಡಿ.

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ನಾನು, ಏಳು ವರ್ಷದ ಮಗಳು, ನಮ್ಮ ನಾಯಿ ಗುಂಡ ಶಿಕಾಗೊ ಪಕ್ಕದ ನೇಪರ್‌ವಿಲ್‌ನ ಮನೆ ಹಿಂದಿನ ಕಾಲುದಾರಿಯಲ್ಲಿ ಸಂಜೆ ವಾಕಿಂಗ್ ಹೋಗಿದ್ದೆವು. ಗುಂಡ ಇದ್ದಕ್ಕಿದ್ದಂತೆ ನಿಂತ. ತಿರುಗಿ ನೋಡಿದರೆ ಮೂವತ್ತು ಹೆಜ್ಜೆ ಹಿಂದೆ ಕಯೋಟಿ. ಕಡ್ಡಿಯಂಥ ಕಾಲು, ನೆಟ್ಟಗೆ ನಿಂತ ಕಿವಿ. ನಾವು ನಿಂತರೆ ಅದೂ ನಿಂತಿತು. ನಡೆದರೆ ಅದೂ ನಡೆಯಿತು. ಮಗಳ ಅಂಗೈ ಬೆವೆತಿದ್ದು ನನ್ನ ಕೈಗೆ ಗೊತ್ತಾಗುತ್ತಿತ್ತು. ಗುಂಡನನ್ನು ಎತ್ತಿಕೊಂಡು, ಅದಕ್ಕೆ ಬೆನ್ನು ತೋರಿಸದೆ ನಿಧಾನಕ್ಕೆ ಹಿಂದೆ ಸರಿದೆವು. ಸಣ್ಣ ಸೇತುವೆ ದಾಟಿದ ಮೇಲೆ ಅದು ಒಂದು ಗಳಿಗೆ ನಿಂತು ನೋಡಿ ಪೊದೆಯೊಳಗೆ ಹೋಯಿತು.

ಈ ತಿಂಗಳುಗಳಲ್ಲಿ ಅವು ಮಾಡುವುದೇ ಹೀಗೆ. ಏಪ್ರಿಲ್, ಮೇ ಹೊತ್ತಿಗೆ ಬಿಲದಲ್ಲಿ ಮರಿ ಇರುತ್ತವೆ. ಅಪ್ಪ ಅಮ್ಮ ಎರಡೂ ಕಾಯುತ್ತವೆ. ನಾಯಿ ಕಂಡರೆ ಇನ್ನೂ ಸಿಟ್ಟು, ಅವಕ್ಕೆ ಅದು ಪೈಪೋಟಿಗೆ ಬಂದ ಪ್ರಾಣಿ. ನಮ್ಮನ್ನು ತಿನ್ನಲು ಬಂದದ್ದಲ್ಲ, 'ಸರಿ, ಹೊರಡಿ' ಅಂತ ಗೇಟಿನ ತನಕ ಬಂದು ಕಳಿಸಿದ್ದು. ಬೇರೆ ದಿನಗಳಲ್ಲಾದರೆ ಕೈ ಎತ್ತಿ ಕೂಗಿ ಓಡಿಸಿ. ಬಿಲದ ಹತ್ತಿರ ಮಾತ್ರ ಆ ಪೌರುಷ ಬೇಡ, ಅದು ಮರಿ ಬಿಟ್ಟು ಹೋಗುವುದಿಲ್ಲ. ನೀವೇ ಜಾಗ ಖಾಲಿ ಮಾಡಿ, ಒಂದೆರಡು ತಿಂಗಳು ಬೇರೆ ದಾರಿ ಹಿಡಿಯಿರಿ. ಮಕ್ಕಳಿಗೆ ಒಂದೇ ಮಾತು: ಓಡಬೇಡಿ. ಓಡಿದರೆ ಅದಕ್ಕೂ ಓಡಬೇಕು ಅನ್ನಿಸುತ್ತದೆ.

ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಟಾನಿಕಲ್ ಗಾರ್ಡನ್‌ನಲ್ಲಿ 5 ವರ್ಷದ ಹುಡುಗಿಗೆ ಕಯೋಟಿ ಕಚ್ಚಿತ್ತು. ಇಂಥದ್ದು ಅಪರೂಪ, ಆದರೂ ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ. ಹಿಡಿದು ಬೇರೆ ಕಡೆ ಬಿಡಿಸೋಣ ಅನ್ನುವವರಿಗೆ: ಖಾಲಿಯಾದ ಜಾಗಕ್ಕೆ ಇನ್ನೊಂದು ಜೋಡಿ ಬರುತ್ತದೆ, ಅಷ್ಟೇ.

ಇಲ್ಲಿನ ಕುಕ್ ಕೌಂಟಿಯಲ್ಲಿ ಸ್ಟ್ಯಾನ್ಲಿ ಗೆರ್ಟ್ ಅನ್ನುವ ವಿಜ್ಞಾನಿಯ ತಂಡ 2000ದಿಂದ ಕಯೋಟಿಗಳ ಹಿಂದೆ ಬಿದ್ದು ಅಧ್ಯಯನ ಮಾಡುತ್ತಿದೆ. ಅವರು ಹಿಕ್ಕೆ ಕೆದಕಿ ನೋಡಿದಾಗ ಸಿಕ್ಕಿದ್ದು ಜಾಸ್ತಿ ಇಲಿ, ಹಣ್ಣು, ಜಿಂಕೆ, ಮೊಲ. ಬೆಕ್ಕು ತೀರಾ ಕಡಿಮೆ. ಅಂದರೆ ಅದರ ಪಾಡಿಗೆ ಬಿಟ್ಟರೆ ಅದಕ್ಕೆ ನಮ್ಮ ಹಂಗೇ ಬೇಡ. ಕೆಡುವುದು ನಾವು ಊಟ ಹಾಕಿದಾಗ, ಮನುಷ್ಯರ ಭಯ ಹೋದಾಗ.

ಇಲ್ಲೇ ನಮ್ಮನೆ ಕತೆ ಬರುವುದು. ಹಾಸನದಿಂದ ಅಮ್ಮ ಬಂದಿದ್ದರು. ದಿನಾ ಡೆಕ್ ಮೇಲೆ ಕಾಗೆಗೆ ಅಂತ ಅನ್ನ ಇಡುತ್ತಿದ್ದರು. ಕಾಗೆಗಿಂತ ಮುಂಚೆ ಅಳಿಲು, ರಾತ್ರಿ ಇಲಿ, ಅದರ ಹಿಂದೆ ಕಯೋಟಿ. 'ನರಿ ಮುಖ ನೋಡಿದ್ದೀಯ, ಒಳ್ಳೇದಾಗುತ್ತೆ ಬಿಡು' ಅಂದರು. ಅನ್ನ ಇಡಬೇಡಿ ಅಂದರೆ ಕೇಳುವವರಾ? ಕೊನೆಗೆ ರಾಜಿ ಆಯಿತು. ಹಗಲಲ್ಲಿ ಒಂದೇ ಹಿಡಿ, ಕಾಗೆ ಬರುವ ತನಕ ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವುದು, ಉಳಿದಿದ್ದನ್ನು ಒಳಗೆ ತರುವುದು. ಒಂದು ದಿನ ಬೇಲಿ ಹತ್ತಿರ ಅದೇ ಮೂತಿ ಕಾಣಿಸಿತು. ಅಮ್ಮ ಎದ್ದು ಸ್ಟೀಲ್ ತಟ್ಟೆಗೆ ಸೌಟಿನಿಂದ ಢಣಢಣ ಬಾರಿಸಿ 'ಹೋಗ್ತೀಯೋ ಇಲ್ವೋ!' ಅಂದರು. ಹೋಯಿತು. ಪಕ್ಕದ ಮನೆಯವರು ಮಾತ್ರ ಹೊರಗೆ ಬಂದರು.