ಹೆರಿಗೆ ಆಗಿ 4 ವರ್ಷ ಆದರೂ ಬಂಗು ಹೋಗಿಲ್ಲ, ಈಗ ಕ್ರೀಮ್ ಬಿಟ್ಟರೆ ಮುಖವೆಲ್ಲ ಉರಿ

ರೊಟ್ಟಿಮನೆ ನಿಟ್ಟುವಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ನಿಟ್ಟುವಳ್ಳಿ ಕಡೆ ಮನೆ. ವಯಸ್ಸು 34. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ದಿನಕ್ಕೆ 200ರಿಂದ 250 ರೊಟ್ಟಿ.

ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆ ಮೇಲೆ ಕಂದು ಮಚ್ಚೆ ಶುರುವಾಯಿತು. ಆಮೇಲೆ ಹಣೆಗೆ ಬಂತು, ಮೇಲ್ತುಟಿಗೂ ಬಂತು, ದೂರದಿಂದ ನೋಡಿದರೆ ಮೀಸೆ ಇದ್ದ ಹಾಗೆ ಕಾಣುತ್ತದೆ. ಅದು ಬಂಗು, ಬಾಣಂತನ ಮುಗಿದರೆ ತಾನೇ ಹೋಗುತ್ತದೆ ಎಂದರು ಅಮ್ಮ. ಅಕ್ಕನಿಗೆ ಹಾಗೇ ಹೋಗಿತ್ತು. ನನಗೆ ಹೋಗಲಿಲ್ಲ. ಮಗುವಿಗೆ ಈಗ 4 ವರ್ಷ.

ಹೋದ ವರ್ಷ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಒಂದು ಸಣ್ಣ ಟ್ಯೂಬ್ ಕೊಟ್ಟರು. ರಾತ್ರಿ ಹಚ್ಚಿ ಮಲಗಿ ಎಂದರು, ಅಷ್ಟೇ. 15 ದಿನಕ್ಕೆ ಮುಖ ಎಷ್ಟು ತಿಳಿಯಾಯಿತು ಎಂದರೆ ಪಕ್ಕದ ಮನೆಯವರೂ ಅದನ್ನೇ ತರಿಸಿಕೊಂಡರು. ಹಾಗಾಗಿ ಬಿಡಲಿಲ್ಲ, 9 ತಿಂಗಳು ಹಚ್ಚಿದೆ. ಈಗ ಎರಡು ದಿನ ಬಿಟ್ಟರೆ ಸಾಕು, ಮುಖ ಕೆಂಪಾಗುತ್ತದೆ, ಉರಿಯುತ್ತದೆ, ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗಲ್ಲದ ಮೇಲೆ ಕೂದಲು ಜಾಸ್ತಿಯಾಗಿದೆ. ಒಲೆ ಮುಂದೆ ಕೂತರಂತೂ ಮೆಣಸಿನಪುಡಿ ಎರಚಿದ ಹಾಗೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಬಂಗು ಮಾತ್ರ ಮೊದಲಿಗಿಂತ ಕಪ್ಪಾಗಿ ವಾಪಸ್ ಬಂದಿದೆ.

ಇನ್ನು 2 ತಿಂಗಳಿಗೆ ತಮ್ಮನ ಮದುವೆ. ಪಾರ್ಲರಿನಲ್ಲಿ ಪೀಲಿಂಗ್ ಮಾಡಿಸಿ, 3 ಸಿಟಿಂಗ್‌ಗೆ ಹೋಗುತ್ತದೆ ಎನ್ನುತ್ತಿದ್ದಾರೆ. ಅತ್ತೆ ನಿಂಬೆರಸ, ಜೇನು ಹಚ್ಚು ಎನ್ನುತ್ತಾರೆ. ಯಾವುದು ಮಾಡಲಿ? ನಿಜವಾಗಿ ಅಳು ಬರುತ್ತಿದೆ. ಕನ್ನಡಿ ನೋಡುವುದನ್ನೇ ಬಿಟ್ಟಿದ್ದೇನೆ.

ಹರಿಹರದ ಟೀಚರ್

ಅಕ್ಕ, ನಿಮ್ಮ ಪೋಸ್ಟ್ ಓದಿ ನನ್ನದೇ ಮುಖ ಕಣ್ಣಮುಂದೆ ಬಂತು. ನನಗೂ ಇದೇ ಆಗಿತ್ತು. ನನಗೆ ಬಂಗು ಕೂಡ ಇರಲಿಲ್ಲ, ಮೊಡವೆ ಕಲೆಗೆ ಅಂತ ಗೆಳತಿಯೊಬ್ಬಳು ಹೇಳಿದ ಟ್ಯೂಬ್ ಹಚ್ಚಿದ್ದು, ಒಂದೂವರೆ ವರ್ಷ. ಕೊನೆಗೆ ತರಗತಿಯಲ್ಲಿ ಕಿಟಕಿ ಪಕ್ಕ ನಿಂತರೂ ಮುಖ ಕೆಂಡ ಆಗುತ್ತಿತ್ತು. ಮಕ್ಕಳು ಮಿಸ್ ನಿಮಗೆ ಜ್ವರನಾ ಎಂದು ಕೇಳುತ್ತಿದ್ದವು.

ಒಂದು ಮಾತು ದಯವಿಟ್ಟು ಕೇಳಿ. ಈ ಸ್ಥಿತಿಯಲ್ಲಿ ಪೀಲಿಂಗ್ ಬೇಡವೇ ಬೇಡ. ನಿಮ್ಮ ಚರ್ಮ ಈಗ ತೆಳುವಾಗಿದೆ, ಅದರ ಮೇಲೆ ಪೀಲಿಂಗಿನ ಆಸಿಡ್ ಹಚ್ಚಿದರೆ ಸುಟ್ಟು, ಆ ಸುಟ್ಟ ಜಾಗ ಇನ್ನೂ ಕಪ್ಪಾಗುತ್ತದೆ. ನಿಂಬೆರಸವೂ ಬೇಡ. ನಿಂಬೆರಸ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯುತ್ತದೆ. ನಮ್ಮ ಚಿಕ್ಕಮ್ಮನ ಕೈಗೆ ಉಪ್ಪಿನಕಾಯಿ ಹಾಕುವಾಗಲೇ ಹಾಗಾಗಿತ್ತು, ಮುಖದ ಮಾತು ಬಿಡಿ.

ಇನ್ನೊಂದು, ಸಿಟ್ಟಿಗೆ ಟ್ಯೂಬ್ ಎಸೆದುಬಿಡಬೇಡಿ. ನಾನು ಹಾಗೆ ಮಾಡಿ ಒಂದು ವಾರ ಮುಖ ಊದಿಕೊಂಡು ರಜೆ ಹಾಕಿದೆ. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬಂದೆ. ಉರಿ ಪೂರ್ತಿ ನಿಲ್ಲಲು 7 ತಿಂಗಳು ಹಿಡಿಯಿತು. ಆದರೆ ನಿಂತಿತು ಅಕ್ಕ. ಈಗ ಚೆನ್ನಾಗಿದ್ದೇನೆ.

ದುರ್ಗದ ಔಷಧಿ ಅಂಗಡಿ

ನಾನು ಚಿತ್ರದುರ್ಗದಲ್ಲಿ ಫಾರ್ಮಸಿಸ್ಟ್. ಇದನ್ನು ನಮ್ಮ ವೃತ್ತಿಯವರೇ ಕೊಟ್ಟಿದ್ದು ಎಂದು ಓದಿದಾಗ ಬೇಸರವಾಯಿತು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ನೋಡಿ ತಂಗಿ. ಮೂರು ಹೆಸರು ಇರಬೇಕು. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಮತ್ತೆ ಮೊಮೆಟಾಸೋನ್ ಅಥವಾ ಫ್ಲುಯೊಸಿನೊಲೋನ್. ಕೊನೆಯದೇ ಸ್ಟೆರಾಯ್ಡ್. ಬಿಟ್ಟರೆ ಉರಿ, ಹಚ್ಚಿದರೆ ತಂಪು, ಮುಖದ ಮೇಲೆ ಕೂದಲು, ಗುಳ್ಳೆ, ಇವೆಲ್ಲ ಅದರದ್ದೇ ಕೆಲಸ.

ಔಷಧಿಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲೇ ಇಂಥ ಮೂರು ಔಷಧಿ ಸೇರಿಸಿದ ಮುಲಾಮು ಹೇಳಿದ್ದರು, ಇವತ್ತಿಗೂ ಬಂಗಿಗೆ ಅದರ ಸುಧಾರಿಸಿದ ರೂಪವನ್ನೇ ಕೊಡುತ್ತಾರೆ. ಆದರೆ ಅದು ಸುಮಾರು 8 ವಾರದ ಔಷಧಿ. ಡಾಕ್ಟರ್ ನೋಡುತ್ತಾ ಇರಬೇಕು, ಆಮೇಲೆ ನಿಲ್ಲಿಸಬೇಕು. ನಮ್ಮಲ್ಲಿ ಅದನ್ನು ಸ್ನೋ, ಪೌಡರ್ ಥರ ವರ್ಷಗಟ್ಟಲೆ ಹಚ್ಚುತ್ತಾರೆ. 2018ರಲ್ಲಿ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಹೀಗಿದ್ದೂ ಕೊಡುತ್ತಾರೆ, ಕೇಳಿದವರು ಕೇಳುತ್ತಾರೆ. ನನ್ನ ಅಂಗಡಿಯಲ್ಲಿ ಇಲ್ಲ ಎಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ನನಗೆ ಗೊತ್ತು, ಆದರೂ ನಾನು ಕೊಡುವುದಿಲ್ಲ.

ಪಕ್ಕದ ಮನೆಯವರಿಗೂ ಇದನ್ನು ಇವತ್ತೇ ತಿಳಿಸಿ. ಮತ್ತೆ ತಯಾರಿಸಿದವರ ಹೆಸರು, ವಿಳಾಸ, ಒಳಗೆ ಏನಿದೆ ಎಂಬುದು ಯಾವುದೂ ಇಲ್ಲದ ಡಬ್ಬಿ ಕ್ರೀಮ್ ಆನ್‌ಲೈನಿನಲ್ಲಿ ಬರುತ್ತವೆ, ಅವನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಕೆಲವಕ್ಕೆ ಪಾದರಸ ಸೇರಿಸಿರುತ್ತಾರೆ. ಅದು ಚರ್ಮದಿಂದ ರಕ್ತಕ್ಕೆ ಇಳಿದು ಕಿಡ್ನಿ ಹಾಳುಮಾಡುತ್ತದೆ. ಕೇರಳದಲ್ಲಿ ಹಾಗೆ ಕಿಡ್ನಿ ಕೆಟ್ಟವರನ್ನು ಅಲ್ಲಿನ ವೈದ್ಯರೇ ಗುರುತಿಸಿದ್ದಾರೆ.

ಚರ್ಮವೈದ್ಯೆ

ನಾನು ಚರ್ಮರೋಗ ವೈದ್ಯೆ. ಮುಖ ನೋಡದೆ ಔಷಧಿ ಹೇಳುವುದಿಲ್ಲ, ಆದರೆ ನಿಮ್ಮ ಬರಹದಲ್ಲೇ ಎರಡು ಮೂರು ಕಡೆ ಉತ್ತರ ಇದೆ, ಅದನ್ನು ತೋರಿಸುತ್ತೇನೆ.

ನಮ್ಮ ಮೇಲ್ಚರ್ಮದ ತಳದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಬಂಗು ಬರುವವರಲ್ಲಿ ಈ ಕೋಶಗಳು ಬೇಗ ಕೆರಳುತ್ತವೆ. ಕೆರಳಿಸುವುದು ಬಸಿರಿನ ಹಾರ್ಮೋನ್ ಇರಬಹುದು, ಗರ್ಭ ತಡೆಯುವ ಮಾತ್ರೆ ಇರಬಹುದು, ಬಿಸಿಲು ಇರಬಹುದು. ಮನೆತನದಲ್ಲಿ ಇದ್ದರೆ ಇನ್ನೂ ಸುಲಭ. ನಿಮ್ಮ ಅಕ್ಕನಿಗೂ ಬಂದಿತ್ತು ಎಂದಿದ್ದೀರಿ. ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಇದೆ, ಬೆಂಕಿಯ ಝಳ. ದಿನಾ ಗಂಟೆಗಟ್ಟಲೆ ಹಂಚಿನ ಮುಂದೆ ಮುಖ ಇಟ್ಟು ಕೂರುವವರಿಗೆ ಬಂಗು ಹಟ ಹಿಡಿಯುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸರು ನನ್ನ ಹತ್ತಿರ ಬಂದಾಗ ಮುಲಾಮಿಗಿಂತ ಮೊದಲು ಅವರು ಕೂರುವ ಜಾಗದ ಬಗ್ಗೆ ಕೇಳುತ್ತೇನೆ. ಕೆರಳಿಸುವುದನ್ನು ಹಾಗೇ ಬಿಟ್ಟು ಮೇಲೆ ಏನು ಹಚ್ಚಿದರೂ ಅದು ತೂತು ಬಿದ್ದ ಬಿಂದಿಗೆಯಲ್ಲಿ ನೀರು ಹೊತ್ತ ಹಾಗೆ.

ಹಾಗಾಗಿ ಕೇಳುತ್ತಿದ್ದೇನೆ. ಗರ್ಭ ನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ರೊಟ್ಟಿ ಕೊಡಲು ನೀವೇ ಹೋಗುತ್ತೀರಾ, ಎಷ್ಟು ಹೊತ್ತಿಗೆ? ತಲೆಗೆ ಬಣ್ಣ ಹಚ್ಚುತ್ತೀರಾ? ಕೆಲವರಿಗೆ ಹೇರ್ ಡೈ, ಕುಂಕುಮ, ಬಿಂದಿಯ ಅಂಟು ಒಗ್ಗದೆ ಮುಖ ಕಪ್ಪಾಗುತ್ತದೆ, ಅದು ಬಂಗೇ ಅಲ್ಲ, ಅದಕ್ಕೆ ಬಂಗಿನ ಔಷಧಿ ಕೆಲಸ ಮಾಡುವುದಿಲ್ಲ. ಥೈರಾಯ್ಡ್ ಒಮ್ಮೆ ನೋಡಿಸಿ.

ಚಿಕಿತ್ಸೆ ಎರಡು ಹಂತ. ಮೊದಲು ಸ್ಟೆರಾಯ್ಡಿನಿಂದ ನೊಂದ ಚರ್ಮ ಸುಧಾರಿಸಬೇಕು. ಅಲ್ಲಿಯವರೆಗೆ ಬಂಗಿನ ಯೋಚನೆ ಬಿಡಿ. ಸೌಮ್ಯವಾದ ಫೇಸ್‌ವಾಶ್, ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟೇ. ಉರಿ ಜಾಸ್ತಿ ಇದ್ದರೆ ಡಾಕ್ಟರ್ ಮಾತ್ರೆ ಕೊಡುತ್ತಾರೆ. ಆಮೇಲೆ ಬಂಗು. ಆಗ ಅಜೆಲಿಕ್ ಆಸಿಡ್ ಥರದ ಸ್ಟೆರಾಯ್ಡ್ ಇಲ್ಲದ ಮುಲಾಮು ಸಾಕಾಗಬಹುದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಇದೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ ಕೊಡುವುದು, ಬಂಗಿಗೆ ಕಡಿಮೆ ಪ್ರಮಾಣದಲ್ಲಿ ಕೊಡುತ್ತೇವೆ. ಅದನ್ನು ದಯವಿಟ್ಟು ಯಾರೂ ಸ್ವಂತಕ್ಕೆ ತೆಗೆದುಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ, ಗರ್ಭ ನಿರೋಧಕ ಮಾತ್ರೆ ನುಂಗುತ್ತಿರುವವರಿಗೆ ಅದು ಅಪಾಯ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖಕ್ಕೂ ಕತ್ತಿಗೂ ಬೇಕು. ಹೆಚ್ಚಿನವರು ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಅದಕ್ಕೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಮದುವೆ ದಿನ ಅದು ಕಲೆಯನ್ನೂ ಸ್ವಲ್ಪ ಮುಚ್ಚುತ್ತದೆ.

ಎರಡು ತಿಂಗಳಲ್ಲಿ ಬಂಗು ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಮೇಲ್ಚರ್ಮ ಒಮ್ಮೆ ಬದಲಾಗಲು ಸುಮಾರು 4 ವಾರ ಬೇಕು, ಚಿಕಿತ್ಸೆಯ ಫಲ ಕಾಣಲು 8ರಿಂದ 12 ವಾರ. ಬಣ್ಣ ಆಳಕ್ಕೆ ಇಳಿದು ಬೂದು ನೀಲಿಯಾಗಿದ್ದರೆ ಇನ್ನೂ ನಿಧಾನ. ಆದರೆ ಉರಿ ಮತ್ತು ಕೆಂಪು ಅಷ್ಟರಲ್ಲಿ ಎಷ್ಟೋ ಕಡಿಮೆ ಆಗಬಹುದು. ಖರ್ಚಿನ ಚಿಂತೆ ಇದ್ದರೆ ದಾವಣಗೆರೆಯ ಜೆಜೆಎಂ, ಎಸ್‌ಎಸ್ ಎರಡೂ ಮೆಡಿಕಲ್ ಕಾಲೇಜುಗಳಲ್ಲಿ ಚರ್ಮ ವಿಭಾಗ ಇದೆ. ಹೋಗುವಾಗ ಆ ಟ್ಯೂಬ್ ತೆಗೆದುಕೊಂಡು ಹೋಗಿ.

ಚಳ್ಳಕೆರೆ ಹುಡುಗ

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಡಾಕ್ಟರ್ ಮೇಡಂ, ನನಗೆ 26 ವರ್ಷ. ಕತ್ತಿನ ಹಿಂದೆ, ಕಂಕುಳಲ್ಲಿ ಪೂರ್ತಿ ಕಪ್ಪು. ಕೊಳೆ ಎಂದುಕೊಂಡು ತೆಂಗಿನ ನಾರು ಹಿಡಿದು ದಿನಾ ಉಜ್ಜುತ್ತೇನೆ, ಹೋಗುತ್ತಿಲ್ಲ. ಮನೆಯಲ್ಲಿ ಸ್ನಾನ ಸರಿಯಾಗಿ ಮಾಡಲ್ಲ ಎಂದು ಬೈಯುತ್ತಾರೆ. ಇದೂ ಬಂಗಾ?

ಚರ್ಮವೈದ್ಯೆ

ಅದು ಕೊಳೆ ಅಲ್ಲ, ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಉಜ್ಜಿದಷ್ಟೂ ಕಪ್ಪಾಗುತ್ತದೆ. ಮುಟ್ಟಿ ನೋಡಿ, ಚರ್ಮ ದಪ್ಪಗೆ ಮಖಮಲ್ ಬಟ್ಟೆ ಥರ ಇದ್ದರೆ ಅದು ಅಕಾಂಥೋಸಿಸ್ ನಿಗ್ರಿಕಾನ್ಸ್ ಎಂಬ ಚರ್ಮದ ತೊಂದರೆ, ಬಂಗು ಅಲ್ಲ. ಹೆಚ್ಚಾಗಿ ತೂಕ ಜಾಸ್ತಿ ಇದ್ದವರಲ್ಲಿ, ಮೈಗೆ ಇನ್ಸುಲಿನ್ ಸರಿಯಾಗಿ ಹಿಡಿಯದಿದ್ದಾಗ ಬರುತ್ತದೆ. ಶುಗರ್ ಬರುವ ಮುಂಚಿನ ಸೂಚನೆ ಆಗಿರಬಹುದು. ಖಾಲಿ ಹೊಟ್ಟೆಯ ಶುಗರ್ ಮತ್ತು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ತೂಕ ಇಳಿದರೆ ಕತ್ತಿನ ಬಣ್ಣವೂ ನಿಧಾನಕ್ಕೆ ತಿಳಿಯಾಗುತ್ತದೆ. ಮನೆಯವರಿಗೆ ಈ ಉತ್ತರ ಓದಿಸಿ, ನಿಮ್ಮ ತಪ್ಪಿಲ್ಲ.

ರೊಟ್ಟಿಮನೆ ನಿಟ್ಟುವಳ್ಳಿ (5 ವಾರದ ನಂತರ)

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಟ್ಯೂಬಿನ ಹಿಂದೆ ಆ ಮೂರು ಹೆಸರೂ ಇದ್ದವು ಅಣ್ಣ. ಪಕ್ಕದ ಮನೆಯವರಿಗೂ ತೋರಿಸಿದೆ, ಅವರೂ ನನ್ನ ಜೊತೆಗೇ ಆಸ್ಪತ್ರೆಗೆ ಬಂದರು.

ಮೇಡಂ ಕೇಳಿದ್ದಕ್ಕೆ ಉತ್ತರ: ಹೌದು, ಮಗುವಿಗೆ ಒಂದು ವರ್ಷ ಆದಾಗಿನಿಂದ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮುಖಕ್ಕೂ ಅದಕ್ಕೂ ಏನು ಸಂಬಂಧ ಎಂದು ಮೊದಲು ಬರೆದಿರಲಿಲ್ಲ. ಹೆರಿಗೆ ಡಾಕ್ಟರ್ ಹತ್ತಿರ ಮಾತಾಡಿ ಮಾತ್ರೆ ಬಿಟ್ಟು ಕಾಪರ್ ಟಿ ಹಾಕಿಸಿಕೊಂಡೆ. ರೊಟ್ಟಿ ಕೊಡಲು ಸ್ಕೂಟಿಯಲ್ಲಿ ಹೋಗುತ್ತಿದ್ದುದು 11ರಿಂದ 1 ಗಂಟೆ ಮಧ್ಯೆ, ಬರೀ ದುಪಟ್ಟಾ ಸುತ್ತಿಕೊಂಡು. ಈಗ ನಮ್ಮ ಯಜಮಾನರು 9ಕ್ಕೇ ಕೊಟ್ಟು ಕೆಲಸಕ್ಕೆ ಹೋಗುತ್ತಾರೆ.

ಒಲೆ ಬಿಡಲು ಆಗುವುದಿಲ್ಲ, ಅದೇ ಅನ್ನ. ಆದರೆ ಕೆಳಗೆ ಕೂತು ಬಗ್ಗಿ ಬೇಯಿಸುತ್ತಿದ್ದೆ, ಮುಖ ಹಂಚಿನ ಮೇಲೇ ಇರುತ್ತಿತ್ತು. ಈಗ ಕಟ್ಟೆ ಹಾಕಿಸಿ ನಿಂತು ಬೇಯಿಸುತ್ತೇನೆ, ಗೋಡೆಗೆ ಗಾಳಿ ಎಳೆಯುವ ಫ್ಯಾನ್ ಹಾಕಿಸಿದೆವು. ಬಡಿಯುವುದು ನಾನು, ಬೇಯಿಸುವುದು ನಾದಿನಿ, ಅರ್ಧ ಗಂಟೆಗೊಮ್ಮೆ ಬದಲು. ಉರಿ ಮುಕ್ಕಾಲು ಪಾಲು ಹೋಗಿದೆ. ಗುಳ್ಳೆ ಇಲ್ಲ. ಬಂಗು ಇದ್ದಲ್ಲೇ ಇದೆ, ಅದಕ್ಕೆ ಮುಂದಿನ ತಿಂಗಳು ಮುಲಾಮು ಶುರು ಮಾಡೋಣ ಎಂದಿದ್ದಾರೆ.

ಒಂದೇ ಒಂದು ಕೇಳುವುದಿದೆ ಮೇಡಂ. ಮದುವೆಯಲ್ಲಿ ಅರಿಶಿನ ಶಾಸ್ತ್ರ ಇದೆ. ತಮ್ಮನಿಗೆ ಹಚ್ಚಿದ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಮುಖಕ್ಕೆಲ್ಲ ಮೆತ್ತುತ್ತಾರೆ. ನಾನು ಹಚ್ಚಿಸಿಕೊಳ್ಳಬಹುದಾ?

ಚರ್ಮವೈದ್ಯೆ

ಕಟ್ಟೆ ಹಾಕಿಸಿದ್ದು ಓದಿ ತುಂಬ ಖುಷಿಯಾಯಿತು. ಅರಿಶಿನ ಈ ಸಲ ಮುಖಕ್ಕೆ ಬೇಡ ಅಮ್ಮ, ಅದೂ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ನಿಮ್ಮದು ಇನ್ನೂ ಹಸಿ ಗಾಯದ ಹಾಗಿದೆ. ಕೈಗೆ, ಪಾದಕ್ಕೆ ಹಚ್ಚಿಸಿಕೊಳ್ಳಿ. ಮೆತ್ತಲು ಬರುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ರೊಟ್ಟಿಮನೆ ನಿಟ್ಟುವಳ್ಳಿ

ಸರಿ ಮೇಡಂ. ಅಕ್ಕನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ, ಅವಳ ಮಾತು ಎಲ್ಲರೂ ಕೇಳುತ್ತಾರೆ.